ಒಂದು ಚಮಚ ಯೂರಿಡಿನ್

“ಇದ್ರ ಮ್ಯಾಲೆ ಮನುಸ್ರಿಗಲ್ಲ ಅಂತ ಬರ್ದದೆ ಕಣಮ್ಮಿ.”

ತಿಮ್ಮರಾಜು ಶೀಶೆಯನ್ನು ಬಾಗಿಲ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೇ ಮುಗ್ಗರಿಸಿದ್ದವನು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಪದ ಆರಿಸಿ ಓದುತ್ತಿದ್ದ. “ಲ್ಯಾಬೊರೇಟ್ರಿಗೆ ಮಾತ್ರವಂತೆ. ಇಂಥದ್ದ ಮಗೀನ ಬಾಯ್ಗೆ ಆಕದಾ?”

ಅವನ ಹೆಂಡತಿ ಹೇಮ ನಡುಮನೆಯಲ್ಲಿ ಕೂತು ಬಟ್ಟಲಿನ ರಾಗಿ ಅಂಬಲಿಯನ್ನು ಆರಿಸುತ್ತಿದ್ದಳು. ಮೂರು ವರ್ಷದ ಮಗಳು ಚಿನ್ನು ಅವಳ ತೊಡೆಗೆ ಒರಗಿತ್ತು. ಸಿಂಧಘಟ್ಟದ ಆ ಬೀದಿಯಲ್ಲಿ ಅದರ ವಯಸ್ಸಿನ ಮಕ್ಕಳೆಲ್ಲ ಕೊಟ್ಟಿಗೆ, ಜಗಲಿ, ಕಾಲುವೆ ಏರಿ ಒಂದು ಮಾಡಿಕೊಂಡು ಓಡುತ್ತಿದ್ದರೆ, ಇದು ಕೂತಲ್ಲೇ ಕೂತು ನೊಣ ನೋಡುತ್ತಿತ್ತು. ಕೆನ್ನೆ, ತುಟಿ, ಉಗುರು ಎಲ್ಲ ಒಂದೇ ಬಿಳುಪು.

“ಡಾಕ್ಟ್ರಮ್ಮ ಆವತ್ತೇ ಬುಡ್ಸಿ ಯೋಳ್ಳಿಲ್ವಾ ಮಾವ? ಇದು ಮೆಡಿಕಲ್ ಸ್ಟೋರಲ್ಲಿ ಸಿಕ್ಕೋ ಔಸ್ದಿ ಅಲ್ಲ. ಲ್ಯಾಬಿನೋರು ಅವ್ರ ಕೆಲ್ಸಕ್ಕೆ ತರುಸ್ಕೋತಾರೆ. ನಮ್ಮ ಮಗೀಗೆ ಬೇಕಾಗಿರೋದೂ ಅದೇಯ. ಯೂರಿಡಿನ್ ಅಂತ. ಕೊಡಿ ಇಲ್ಲಿ.”

ಅಡುಗೆಮನೆಯಿಂದ ತಿಮ್ಮರಾಜುವಿನ ತಾಯಿ ಪುಟ್ಟತಾಯಮ್ಮನ ದನಿ ಬಂತು. “ಕೊಟ್ಟಿಗೇಲಿದ್ದ ಮಾರೀನೇ ಆಚೆಗೆ ಅಟ್ಟಾಯ್ತಲ್ಲ, ಇನ್ಯಾತರ ಔಸ್ದಿ? ಆಲು ಬುಡ್ಸಿದ್ದೀವಿ, ತಾನೇ ಸರಿ ಓಯ್ತಳೆ ಬುಡಿ.”

ಮಾರಿ ಎಂದರೆ ಹಸು. ಡೈರಿಗೆ ಹಾಲು ಹಾಕುವವರ ಸಾಲಿನಲ್ಲಿ ಆ ಮನೆಯ ಕ್ಯಾನನ್ನು ಎದ್ದು ಕಾಣುವಂತೆ ಮಾಡಿದ್ದ ಸೀಮೆಹಸು. ಅದಕ್ಕೆ ಈ ಬಿರುದು ಬಂದದ್ದು ಹೇಗೆಂದರೆ, ಅದರಲ್ಲಿ ಪಾಪದ ಹಸುವಿನ ತಪ್ಪು ಒಂದಿಷ್ಟೂ ಇರಲಿಲ್ಲ.

ಚಿನ್ನು ಹುಟ್ಟಿದ ಕೆಲವೇ ತಿಂಗಳಿಗೆ ಬಿಳಿಚಿಕೊಳ್ಳತೊಡಗಿತ್ತು. ಕೆ.ಆರ್. ಪೇಟೆಯಲ್ಲಿ ಕಬ್ಬಿಣದ ಟಾನಿಕ್ಕು ಬರೆದುಕೊಟ್ಟರು, ಹುಳಕ್ಕೆ ಗುಳಿಗೆ ಕೊಟ್ಟರು, ರಕ್ತ ಹೆಚ್ಚಲೆಂದು ಕೆಂಪು ಇಂಜೆಕ್ಷನ್ನು ಚುಚ್ಚಿದರು. ನಾಗಮಂಗಲದ ಕಡೆಯವನೊಬ್ಬ ಯಂತ್ರ ಕಟ್ಟಿ ಹೋದ. ಒಂದಕ್ಕೂ ಮಗು ಜಗ್ಗಲಿಲ್ಲ. ಅದರ ಉಚ್ಚೆಬಟ್ಟೆ ಒಣಗಿದರೆ ಮಾತ್ರ ಬಿಳಿ ಹರಳು ಹರಳಾಗಿ ನಿಲ್ಲುತ್ತಿತ್ತು. ಕಡೆಗೆ ಮೈಸೂರಿನ ಮಕ್ಕಳ ಡಾಕ್ಟರಮ್ಮ ಒಬ್ಬರು ಆ ಹರಳನ್ನು ಉಗುರಿನಿಂದ ಕೆರೆದು ನೋಡಿ, ಮೂತ್ರವನ್ನು ಎಲ್ಲಿಗೋ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂದ ದಿನ ಎಲ್ಲರನ್ನೂ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದರು.

“ಇದರ ಹೆಸರು ಒರೋಟಿಕ್ ಆಮ್ಲ. ಮೈ ಬೆಳೆಯೋಕೆ, ರಕ್ತ ಊರೋಕೆ ಬೇಕಾದ ಒಂದು ವಸ್ತುವನ್ನ ಎಲ್ಲರ ಮೈಯೂ ತಾನೇ ಹಂತಹಂತವಾಗಿ ಮಾಡ್ಕೊಳ್ಳುತ್ತೆ. ನಿಮ್ಮ ಮಗುವಿನ ಮೈಯಲ್ಲಿ ಆ ಕೆಲಸ ಈ ಆಮ್ಲದವರೆಗೂ ಬಂದು ನಿಂತುಬಿಡುತ್ತೆ, ಮುಂದಕ್ಕೆ ಹೋಗಲ್ಲ. ನಿಂತದ್ದು ಮೂತ್ರದಲ್ಲಿ ಹೊರಗೆ ಬರ್ತಿದೆ. ಇದೇನೂ ವಿಷ ಅಲ್ಲ, ಗಾಬರಿಯಾಗಬೇಡಿ. ಹಸುವಿನ ಹಾಲಲ್ಲೂ ಒಂಚೂರು ಇದ್ದೇ ಇರುತ್ತೆ.”

ಅಷ್ಟು ಹೊತ್ತು ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಪುಟ್ಟತಾಯಮ್ಮ ಈ ಕಡೆಯ ಮಾತಿಗೆ ನೆಟ್ಟಗೆ ಕೂತಳು. ಮಗುವನ್ನು ತೂಕಕ್ಕೆಂದು ಅವಳ ಕೈಯಲ್ಲಿ ಹೊರಗೆ ಕಳಿಸಿ ಡಾಕ್ಟರಮ್ಮ ಉಳಿದಿಬ್ಬರ ಕಡೆ ತಿರುಗಿದರು.

“ನೀವಿಬ್ಬರೂ ಮೊದಲಿಂದ ಸಂಬಂಧಿಕರಾ?”

“ಇವ್ರು ನಮ್ಮವ್ವನ ತಮ್ಮ,” ಎಂದಳು ಹೇಮ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಈ ಕೊರತೆ ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಕಾಣದ ಹಾಗೆ ಅಡಗಿರುತ್ತದೆ, ಎರಡೂ ಕಡೆಯಿಂದ ಸೇರಿದಾಗ ಮಗುವಿನಲ್ಲಿ ಎದ್ದು ಕಾಣುತ್ತದೆ ಎಂದರು. ಔಷಧಿ ಎಂಬುದಿಲ್ಲ, ಮೈ ಮಾಡಿಕೊಳ್ಳಲಾಗದ್ದನ್ನು ಪುಡಿಯ ರೂಪದಲ್ಲಿ ಬದುಕಿರುವ ತನಕ ಹೊರಗಿನಿಂದ ಕೊಡಬೇಕು, ಅದು ಪರದೇಶದಿಂದ ಬರಬೇಕು, ಬಂದಾಗ ಬಂತು ಎಂದರು. ಕಡೆಗೆ, “ಮನೇಲಿ ಇಂಥದೇ ಇನ್ನೊಂದು ಮದುವೆ ಮಾಡೋ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ,” ಎಂದರು.

ಹೇಮ ಗಂಡನ ಕಡೆ ತಿರುಗಿದಳು. ಅವಳ ತಂಗಿ ಶ್ವೇತ, ತಿಮ್ಮರಾಜುವಿನ ತಮ್ಮ ಕುಮಾರನಿಗೆಂದು ಲಂಗ ಹಾಕುವ ವಯಸ್ಸಿನಿಂದಲೇ ಗೊತ್ತಾಗಿದ್ದವಳು.

ವಾಪಸು ಬರುವಾಗ ಬಸ್ಸು ಬಾಬುರಾಯನಕೊಪ್ಪಲಿನಲ್ಲಿ ನಿಂತಿತ್ತು. ತಿಮ್ಮರಾಜು ಕಿಟಕಿಯಾಚೆ ನೋಡುತ್ತಲೇ ಹೇಳಿದ. “ರಕ್ತದ ಇಚಾರ ಮನೇಲಿ ಎತ್ತಬ್ಯಾಡ ಕಣಮ್ಮಿ. ಅವ್ವ ಎದೆ ಒಡ್ಕತಾಳೆ.” ಮುಂದಿನ ಸೀಟಿನಲ್ಲಿ ಅವ್ವ ಎದೆ ಒಡೆದುಕೊಳ್ಳುವ ಯಾವ ಲಕ್ಷಣವೂ ಕಾಣಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸಿಗೆ, “ಆಲಲ್ಲಿ ಅದಂತೆ ಕನವ್ವ, ಅದೇ ಮಗೀನ ಮೈಗೆ ಸೇರ್ಕಂಡು ಉಚ್ಚೇಲಿ ಬತ್ತಾ ಅದಂತೆ,” ಎಂದು ವಿವರಿಸುತ್ತಿದ್ದಳು. ಪಾಂಡವಪುರ ಬರುವಷ್ಟರಲ್ಲಿ ವಿಚಾರಣೆ ಮುಗಿದಿತ್ತು, ಕೆ.ಆರ್. ಪೇಟೆಯಲ್ಲಿ ಇಳಿಯುವಷ್ಟರಲ್ಲಿ ಹಸುವಿಗೆ ಗಡೀಪಾರಿನ ಶಿಕ್ಷೆಯಾಗಿತ್ತು. ಮಾರನೆಯ ದಿನವೇ ಕುಮಾರ ಅದನ್ನು ಹೊಸಹೊಳಲಿನ ನೆಂಟರ ಮನೆಗೆ ಹೊಡೆದುಕೊಂಡು ಹೋದ. ಹಸು ಊರ ಬಾಗಿಲ ತನಕ ಹಿಂದಕ್ಕೆ ತಿರುಗಿ ತಿರುಗಿ ಕೂಗಿತು. ಅದರ ಕಡಸು ಮಾತ್ರ ಕೊಟ್ಟಿಗೆಯಲ್ಲಿ ಉಳಿಯಿತು.

ಪುಟ್ಟತಾಯಮ್ಮ ಹೇಮನಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ಊರಿನವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ; ಪರಸ್ಥಳದವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಪುಟ್ಟತಾಯಮ್ಮನ ಹಿರಿಮಗಳು ಸೋಮಮ್ಮನನ್ನು ನಾಗಮಂಗಲದ ಕಡೆಗೆ ಕೊಟ್ಟಿದ್ದರು. ಗಂಡ ಪಂಪ್‌ಸೆಟ್ಟಿನ ಕರೆಂಟು ಹೊಡೆದು ಸತ್ತಾಗ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಳು. ದೊಡ್ಡವಳು ಹೇಮ, ಕಂಕುಳಲ್ಲಿದ್ದವಳು ಶ್ವೇತ. ತಮ್ಮಂದಿರು ಒಂದು ಮಾತೂ ಆಡದೆ ಮೂವರಿಗೂ ಅನ್ನ ಹಾಕಿದರು. ಅನ್ನ ಹಾಕಿದ ಕೈಗೇ ಮಕ್ಕಳನ್ನು ಕೊಡುವುದೆಂದು ಸೋಮಮ್ಮ ಅಂದೇ ಮಾತು ಕೊಟ್ಟಿದ್ದಳು, ಕೇಳುವವರು ಯಾರೂ ಕೇಳದೆ ಇದ್ದರೂ.

ಹೀಗಾಗಿ ಹೇಮ ಬೆಳೆದದ್ದೂ ಆ ಮನೆಯಲ್ಲಿ, ಸೊಸೆಯಾಗಿ ಬಂದದ್ದೂ ಆ ಮನೆಗೆ. ಮದುವೆ ಹೊಸಹೊಳಲಿನ ಗುಡಿಯಲ್ಲಾಯಿತು. ಅಲ್ಲಿ ಮಗಳನ್ನು ತಬ್ಬಿ ಗೊಳೋ ಎಂದು ಅತ್ತು ಕಳಿಸಿಕೊಟ್ಟ ಸೋಮಮ್ಮ, ದಿಬ್ಬಣದ ಟ್ರಾಕ್ಟರಿಗಿಂತ ಮುಂಚೆ ಬಸ್ಸು ಹಿಡಿದು ಬಂದು ಅನ್ನಕ್ಕೆ ಎಸರಿಟ್ಟಿದ್ದಳು. ಬೀದಿಯ ಮುತ್ತೈದೆಯರು ಆರತಿ ಎತ್ತಿ ಒಳಗೆ ಕರೆದುಕೊಂಡ ಮದುಮಗಳು, ಹಿಂದಿನ ದಿನ ತಾನೇ ಸಾರಿಸಿದ್ದ ನೆಲದ ಮೇಲೆ ಬಲಗಾಲಿಟ್ಟಳು. ಆವತ್ತು ಎಲ್ಲರೂ ನಕ್ಕಿದ್ದರು, ಹೇಮನೂ ನಕ್ಕಿದ್ದಳು. ಗಂಡನ ಮೇಲೆ ಕೋಪ ಬಂದರೆ ಹೋಗಿ ಕೂರಲು ಒಂದು ತವರು ಇಲ್ಲ, ತವರಲ್ಲಿ ದೂರು ಹೇಳಿಕೊಳ್ಳಲು ಒಬ್ಬಳು ಅತ್ತೆ ಇಲ್ಲ ಎಂದು ಗೊತ್ತಾದದ್ದು ಆಮೇಲೆ. ಎಲ್ಲಿಗೆ ಹೋಗಬೇಕೆಂದರೂ ಆ ಒಂದೇ ಹೊಸ್ತಿಲು ಕಾಲಿಗೆ ಸಿಗುತ್ತಿತ್ತು.

ಹಸು ಹೋಗಿ ಮಳೆಗಾಲ ಕಳೆದ ಮೇಲೆ ಈ ಶೀಶೆ ಬಂದಿತ್ತು. ಹೇಮ ಅದನ್ನು ಗಂಡನ ಕೈಯಿಂದ ತೆಗೆದುಕೊಂಡು, ಒಂದು ಸಣ್ಣ ಚಮಚ ಬಿಳಿ ಪುಡಿಯನ್ನು ಅಂಬಲಿಗೆ ಕಲಸಿದಳು. ತಿಮ್ಮರಾಜು ತಡೆಯಲಿಲ್ಲ. ಮಗು ಗುಟುಕು ಗುಟುಕಾಗಿ ಕುಡಿಯುವುದನ್ನು ಉಸಿರು ಹಿಡಿದು ನೋಡುತ್ತಾ ನಿಂತ. ಅವನಿಗೆ ಆ ಮಗುವೆಂದರೆ ಪ್ರಾಣ, ಅದರಲ್ಲಿ ಎರಡು ಮಾತಿರಲಿಲ್ಲ.

ಒಂದೆರಡು ವಾರಕ್ಕೆ ಚಿನ್ನು ಎದ್ದು ಬಾಗಿಲ ತನಕ ನಡೆಯಿತು. ಯುಗಾದಿ ಹತ್ತಿರ ಬರುವ ಹೊತ್ತಿಗೆ ಕಡಸಿನ ಬಾಲ ಹಿಡಿದು ಎಳೆಯುವಷ್ಟಾಯಿತು. ತುಟಿಗೆ ಬಣ್ಣ ಬಂತು. ಪುಡಿಯನ್ನು ಅದು ‘ಸಕ್ರೆ’ ಎಂದು ಕರೆಯುತ್ತಿತ್ತು, ಬಟ್ಟಲು ಕಂಡರೆ ಸಾಕು ಸಕ್ರೆ ಹಾಕು ಎಂದು ಬಾಯಿ ತೆರೆಯುತ್ತಿತ್ತು. ಹೇಮನ ಸಂತೋಷ ಹೇಳತೀರದು. ಆದರೆ ಬೀದಿಯವರೆಲ್ಲ ಬಂದು ಮಗುವಿನ ಕೆನ್ನೆ ಹಿಂಡಿ, “ಆಲು ಬುಡ್ಸಿದ್ದೇ ಒಳ್ಳೇದಾಯ್ತು ನೋಡು,” ಎಂದು ಹೋಗುತ್ತಿದ್ದರು. ಪುಟ್ಟತಾಯಮ್ಮ ಆ ಮಾತಿಗೆಲ್ಲ ತಲೆದೂಗಿ, ಒಂದು ದಿನ ಊಟಕ್ಕೆ ಕೂತಿದ್ದಾಗ ಹೇಳಿದಳು. “ಮಗ ಚೇತರಿಸ್ಕತು. ಇನ್ಯಾಕೆ ತಡ? ಬಸವನ ಜಯಂತಿ ಕಳ್ದೇಟ್ಗೆ ಶ್ವೇತಂದೂ ಕುಮಾರಂದೂ ಮುಗ್ಸುಬುಡಾನ.”

ಹೇಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವಳು ಗಂಡನ ಮುಖ ನೋಡಿದಳು. ಅವನು ಸಾರು ಕಲಸುತ್ತಿದ್ದ, ತುಂಬ ಹೊತ್ತು ಕಲಸಿದ.

ಮರುದಿನ ಅವಳು ತಾಯಿಯನ್ನು ಹಿಡಿದಳು. ಸೋಮಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಾ ಡಾಕ್ಟರಮ್ಮನ ಮಾತನ್ನೆಲ್ಲ ಕೇಳಿಸಿಕೊಂಡಳು. ಕೇರುವ ಕೈ ಮಾತ್ರ ನಿಲ್ಲಲಿಲ್ಲ. “ಇದ್ನ ನಾನು ಯಾರ ಮುಂದೆ ಯೋಳನೆ? ತಮ್ಮುಂದ್ರು ಅನ್ನ ಆಕಿ ಸಾಕವ್ರೆ. ಈಗ ಬಂದು ನಿಮ್ಮ ರಕ್ತ ಸರಿ ಇಲ್ಲ, ನನ್ನ ಮಗ್ಳ ಕೊಡಕಿಲ್ಲ ಅನ್ನನಾ? ಆ ಮಾತಾಡುದ್ಮ್ಯಾಲೆ ಈ ಮನೇಲಿ ನೀರು ಕೇಳಾಕೂ ನಂಗೆ ಮಕ ಇರದಿಲ್ಲ.”

ತಂಗಿಗೆ ಹೇಳಿದ್ದು ಕಾಲುವೆಯ ಹತ್ತಿರ. ಶ್ವೇತ ಮೊದಲು ನಕ್ಕಳು, ಆಮೇಲೆ ಅವಳ ಮುಖ ಗಂಟಾಯಿತು. “ಚಿನ್ನು ಚೆಂದಾಗವ್ಳಲ್ಲಕ್ಕ ಈಗ. ಮತ್ತಿನ್ನೇನು ನಿಂದು? ನೀನು ಮಾತ್ರ ಅವ್ವುನ್ ತಾವೇ ಇರ್ಬೋದು, ನಾನು ಯಾವ್ದೋ ಕಂಡು ಕೇಳ್ದಿರೋ ಊರ್ಗೆ ಓಗಿ ಸಾಯ್ಬೇಕಾ?” ಎಂದು ಬಿಂದಿಗೆ ಎತ್ತಿಕೊಂಡು ಹೊರಟೇಬಿಟ್ಟಳು. ಕುಮಾರನೆಂದರೆ ಅವಳಿಗೆ ಇಷ್ಟ. ಅದು ಹೇಮನಿಗೂ ಗೊತ್ತು.

ಉಳಿದವನು ತಿಮ್ಮರಾಜು. ಕಡಸು ಬೆದೆಗೆ ಬಂದಿತ್ತೆಂದು ಆ ದಿನ ಗಬ್ಬ ಕಟ್ಟಿಸುವ ಇಂಜೆಕ್ಷನ್ನಿನವನನ್ನು ಕರೆಸಿದ್ದರು. ತಿಮ್ಮರಾಜು ಅವನ ಬೆನ್ನ ಹಿಂದೆಯೇ ನಿಂತು, “ಇದ್ರವ್ವುಂಗೆ ಕೊಟ್ಟಿದ್ದ ಓರೀದೇ ಕೊಟ್ಟುಬುಟ್ಟೀಯ ಮತ್ತೆ. ಅದು ಇದ್ರ ಅಪ್ಪ ಕನಪ್ಪ, ಬ್ಯಾರೇದು ತೆಗಿ,” ಎಂದು ಎರಡೆರಡು ಸಲ ಎಚ್ಚರಿಸಿದ. ಅವನು ಹೋದ ಮೇಲೆ ಹೇಮ ಕೊಟ್ಟಿಗೆಯ ಕಂಬ ಹಿಡಿದು ನಿಂತಳು.

“ಕಡಸಿಗೆ ನೋಡೋದ್ನ ಶ್ವೇತಂಗೆ ನೋಡ್ಬಾರ್ದಾ ಮಾವ?”

“ದನ ಬ್ಯಾರೆ, ಮನುಸ್ರು ಬ್ಯಾರೆ.”

“ಅದ್ನ ನನ್ನ ಮಕ ನೋಡ್ಕಂಡು ಯೋಳಿ.”

ಅವನು ನೋಡಲಿಲ್ಲ. ಕಡಸಿನ ಬೆನ್ನು ಸವರುತ್ತಾ, “ನಾನು ಬ್ಯಾಡ ಅಂದ್ರೆ ನಂದೂ ನಿಂದೂ ಮದ್ವೆ ತಪ್ಪು ಅಂತ ನಾನೇ ಒಪ್ದಂಗೆ. ಅಂಗಂತ ಎಂಗೆ ಬಾಯ್ಬುಡನೆ? ಬುಡು,” ಎಂದ. ಆ ದನಿ ಕೇಳಿ ಅವಳಿಗೆ ಕೋಪವೂ ಬಂತು, ಚಿಕ್ಕಂದಿನಲ್ಲಿ ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನ ಮೇಲೆ ಕನಿಕರವೂ ಬಂತು. ಎರಡನ್ನೂ ನುಂಗಿಕೊಂಡು ಒಳಗೆ ಹೋದಳು.

ಆಗ ಹೊಳೆದದ್ದು ಆ ಕೆಟ್ಟ ಯೋಚನೆ. ಬಾಯಿಮಾತಿಗೆ ಯಾರೂ ಬಗ್ಗುವುದಿಲ್ಲ. ಹಾಲು ಬಿಟ್ಟದ್ದರಿಂದ ಮಗು ಚೇತರಿಸಿತೆಂಬುದೇ ತಾನೇ ಇವರ ನಂಬಿಕೆ? ಹಾಲಿಲ್ಲದೆಯೂ ಮಗು ಸೊರಗಿದರೆ ಹಸುವಿನದು ತಪ್ಪಲ್ಲ ಎಂದು ಕಣ್ಣಿಗೆ ಕಾಣುತ್ತದೆ. ಆಗ ಕೇಳಲೇಬೇಕಾಗುತ್ತದೆ. ಒಂದಷ್ಟು ದಿನ ಮಾತ್ರ, ಕೇಳಿಸಿಕೊಂಡ ಕೂಡಲೇ ಮತ್ತೆ ಶುರು ಮಾಡಿದರಾಯಿತು. ಹೇಮ ಶೀಶೆಯನ್ನು ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ ಸರಿಸಿ, ಬರೀ ಅಂಬಲಿಯ ಬಟ್ಟಲು ಹಿಡಿದು ಬಂದಳು.

“ಸಕ್ರೆ ಆಕು,” ಎಂದಿತು ಚಿನ್ನು.

“ಆಕಿವ್ನಿ ಕುಡಿ.”

ಮಗು ಒಂದು ಗುಟುಕು ಕುಡಿದು ತಾಯಿಯ ಮುಖ ನೋಡಿತು. ಆಮೇಲೆ ಉಳಿದದ್ದನ್ನೂ ಕುಡಿಯಿತು. ಹೇಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಮಾರನೆಯ ದಿನವೂ ಹಾಕಲಿಲ್ಲ, ಅದರ ಮಾರನೆಯ ದಿನವೂ ಇಲ್ಲ.

ಮದುವೆಗೆಂದು ಮನೆಗೆ ಸುಣ್ಣ ಬಳಿದರು, ಬಟ್ಟೆ ತಂದರು, ಒಲೆಯ ಮುಂದೆ ಸೌದೆ ಒಟ್ಟಿದರು. ಆ ಗದ್ದಲದಲ್ಲಿ ಚಿನ್ನು ಮತ್ತೆ ಮೂಲೆ ಹಿಡಿಯತೊಡಗಿತು. ಮೊದಲು ಓಡುವುದು ನಿಂತಿತು, ಆಮೇಲೆ ಬೀದಿಗಿಳಿಯುವುದು. ಕೆಳ ರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪು ಕಾಣುತ್ತಿರಲಿಲ್ಲ. ಹೇಮ ದಿನವೂ ಕಾದಳು, ಈಗ ಯಾರಾದರೂ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು. ಸೋಮಮ್ಮ ಕಂಡೂ ಕಾಣದ ಹಾಗೆ ಹಪ್ಪಳ ಒತ್ತುತ್ತಿದ್ದಳು. ತಿಮ್ಮರಾಜು ಮಗುವಿನ ಹಣೆ ಮುಟ್ಟಿ, “ಬಿಸ್ಲು ಕಣಮ್ಮಿ, ಬಿಸ್ಲಿಗೆ ಇಂಗಾಗದೆ,” ಎಂದು ಚಪ್ಪರದ ಸೋಗೆ ತರಲು ಹೋದ. ಯಾರೋ ಬೀದಿಯ ಹೆಂಗಸು ದೃಷ್ಟಿ ತೆಗೆದಳು.

ಚಪ್ಪರದ ದಿನ ಬೆಳಿಗ್ಗೆ ಚಿನ್ನು ಎದ್ದೇಳಲಿಲ್ಲ. ಕರೆದರೆ ಕಣ್ಣು ತೆರೆಯುತ್ತಿತ್ತು, ಎತ್ತಿ ನಿಲ್ಲಿಸಿದರೆ ಕಾಲು ಮಡಿಸಿ ಕೂರುತ್ತಿತ್ತು. ಹೇಮನ ಎಲ್ಲ ಲೆಕ್ಕಾಚಾರವೂ ಆ ಕ್ಷಣದಲ್ಲಿ ಮಣ್ಣುಪಾಲಾಯಿತು. ಶ್ವೇತನೂ ಬೇಡ, ಮದುವೆಯೂ ಬೇಡ, ಈ ಒಂದು ಜೀವ ಉಳಿದರೆ ಸಾಕೆಂದು ವಾಡೆಯ ಹಿಂದೆ ಕೈ ಹಾಕಿದಳು. ಅಲ್ಲಿ ಶೀಶೆ ಇರಲಿಲ್ಲ.

ಮಗುವನ್ನು ಎದೆಗವಚಿಕೊಂಡು ಹಿತ್ತಲಿಗೆ ಓಡಿದಳು. ಒಗೆಯುವ ಕಲ್ಲಿನ ಮೇಲೆ ಪುಟ್ಟತಾಯಮ್ಮ ಕೂತಿದ್ದಳು. ಪಕ್ಕದಲ್ಲಿ ಅಂಬಲಿಯ ಬಟ್ಟಲಿತ್ತು, ಬಟ್ಟಲ ಪಕ್ಕದಲ್ಲಿ ಶೀಶೆ ಇತ್ತು. ಮುದುಕಿ ಚಮಚದಲ್ಲಿ ಪುಡಿ ತೆಗೆದು, ಅಂಚು ಮೀರಿದ್ದನ್ನು ಬೆರಳಿನಿಂದ ಸಮ ಮಾಡಿ, ಚೆಲ್ಲದ ಹಾಗೆ ಬಟ್ಟಲಿಗೆ ಹಾಕುತ್ತಿದ್ದಳು. ಎಷ್ಟು ಹಾಕಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಕೊಡು ಮಗೀನ ಇಲ್ಲಿ,” ಎಂದಳು. ತೊಡೆಯ ಮೇಲೆ ಮಲಗಿಸಿಕೊಂಡು ಒಂದೊಂದೇ ಗುಟುಕು ಬಿಡತೊಡಗಿದಳು. “ಯಾವತ್ನಿಂದ ನಿಲ್ಸಿದ್ದೀಯೆ?”

ಹೇಮ ಕಲ್ಲಿನ ಮೇಲಿದ್ದ ಶೀಶೆಯ ಮುಚ್ಚಳ ಬಿಗಿದಳು.

“ಅಸೀನ ಅಟ್ಟುದ್ಮ್ಯಾಲೂ ಚಡ್ಡೀಲಿ ಬಿಳೀ ಅಳ್ಳು ಬತ್ತಾನೇ ಇತ್ತು. ಈ ಸಕ್ರೆ ಬಂತು, ನಿಂತೋಯ್ತು. ಈಗ ಮತ್ತೆ ಬತ್ತಾ ಅದೆ. ಬಟ್ಟೆ ಒಗ್ಯೋಳು ನಾನು ಕಣಮ್ಮಿ, ನಂಗೆ ತಿಳಿಯಕಿಲ್ವಾ?”

“ಗೊತ್ತಿದ್ದೂ ಅಸೀನ ಮ್ಯಾಲೆ ಆಕಿದ್ರಾ?”

“ಇನ್ಯಾರ ಮ್ಯಾಲೆ ಆಕನೆ? ನಿನ್ನ ಮ್ಯಾಲಾ, ನನ್ನ ಮ್ಯಾಲಾ?” ಮುದುಕಿ ಮಗುವಿನ ಬಾಯಿ ಒರೆಸಿದಳು. “ನಿಮ್ಮ ತಾತನೂ ನಂಗೆ ಸ್ವಾದರಮಾವನೇಯ. ಸೋಮಿ ಆದ್ಮ್ಯಾಲೆ ಎಲ್ಡು ಕೂಸು ಇಂಗೇ ಬಿಳುಚ್ಕಂಡು ತೀರೋದೊ. ಆ ಬಟ್ಟೇಲೂ ಇದೇ ಅಳ್ಳು. ಆಗ ಯಾವ ಸಕ್ರೆ ಇತ್ತು?”

“ಇಷ್ಟೆಲ್ಲ ಕಂಡೂ ಶ್ವೇತುನ್ನ...”

“ಶ್ವೇತುನ್ನ ಆಚೆ ಕೊಟ್ರೆ ಕುಮಾರಂಗೆ ಆಚೆಯಿಂದ ತರ್ಬೇಕು. ಆ ಬಂದೋಳು ನಿಮ್ಮವ್ವುನ್ನ ಎಷ್ಟು ದಿನ ಒಲೆ ಮುಂದೆ ಕೂರುಸ್ತಾಳು? ನೀನೊಬ್ಳು ಎಷ್ಟು ಅಂತ ಜಗಳ ಕಾದೀಯೆ? ನನ್ನ ಕಣ್ಮುಂದೆ ನನ್ನ ಮಗ್ಳು ಬೀದಿಗೆ ಬೀಳಾದ್ನ ನಾನು ನೋಡ್ನಾರೆ.”

“ಶ್ವೇತಂ ಮಗೀಗೂ ಇಂಗೇ ಆದ್ರೆ ಅಜ್ಜಿ?”

ಮದುವೆಯಾದ ಮೇಲೆ ಅವಳು ಅಜ್ಜಿ ಎಂದು ಕರೆದದ್ದು ಅದೇ ಮೊದಲು. ಪುಟ್ಟತಾಯಮ್ಮ ಬಟ್ಟಲ ತಳದಲ್ಲಿ ಉಳಿದಿದ್ದನ್ನು ಬೆರಳಿನಿಂದ ಬಳಿದು ಚಿನ್ನುವಿನ ನಾಲಿಗೆಗೆ ಸವರಿದಳು.

“ಎಲ್ಡು ಶೀಶೆ ತರುಸಾನ.”

ಮುಂಬಾಗಿಲಲ್ಲಿ ವಾಲಗ ಶುರುವಾಯಿತು. ಚಪ್ಪರದ ಹಾಲುಗಂಬ ನೆಡಲು ಗುಂಡಿ ತೆಗೆದಾಗಿತ್ತು. ಕಂಬಕ್ಕೆ ಮೊದಲ ಹಾಲು ಎರೆಯುವವಳು ಮನೆಯ ಮುತ್ತೈದೆಯೇ ಆಗಬೇಕು. ಆ ಮನೆಯಲ್ಲಿ ಪುಟ್ಟತಾಯಮ್ಮ, ಸೋಮಮ್ಮ ಇಬ್ಬರೂ ಗಂಡನನ್ನು ಕಳೆದುಕೊಂಡವರು. ಮುತ್ತೈದೆ ಎಂದರೆ ಹೇಮ ಒಬ್ಬಳೇ. “ಅಕ್ಕಾ, ಎಲ್ಲೋದೆ? ಒತ್ತಾಯ್ತದೆ ಬಾ,” ಎಂದು ಶ್ವೇತ ಒಳಗಿನಿಂದಲೇ ಕೂಗುತ್ತಿದ್ದಳು. ಅವಳ ದನಿಯಲ್ಲಿ ಎಷ್ಟು ನಗುವಿತ್ತೆಂದರೆ ಹೇಮನಿಗೆ ಅಳು ಬಂತು.

“ಓಗು. ಮಗೀನ ನಾನು ನೋಡ್ಕತೀನಿ,” ಎಂದಳು ಪುಟ್ಟತಾಯಮ್ಮ.

ಹೇಮ ಕಣ್ಣೊರೆಸಿಕೊಂಡು ನಡುಮನೆ ದಾಟಿ ಬೀದಿಗೆ ಬಂದಳು. ಯಾರೋ ಕೈಗೆ ಹಾಲಿನ ಚೊಂಬು ಕೊಟ್ಟರು, ಯಾರೋ ತಲೆಗೆ ಹೂವು ಮುಡಿಸಿದರು. ಕುಮಾರ ಅರಿಶಿನ ಹಚ್ಚಿದ ಹಸಿ ಕಂಬವನ್ನು ಗುಂಡಿಯೊಳಗೆ ನೆಟ್ಟಗೆ ಹಿಡಿದುಕೊಂಡಿದ್ದ. ಅವಳು ಬಗ್ಗಿ ಬುಡಕ್ಕೆ ಹಾಲು ಎರೆದಳು. ಒಣಮಣ್ಣು ಅದನ್ನು ಹೀರಿಕೊಂಡಿತು. ತಿಮ್ಮರಾಜು ಗುದ್ದಲಿಯಿಂದ ಮಣ್ಣು ಎಳೆದು, ಕಂಬ ಅಲ್ಲಾಡದ ಹಾಗೆ, ಸುತ್ತಲೂ ಕಾಲಿನಿಂದ ಗಟ್ಟಿಯಾಗಿ ತುಳಿಯತೊಡಗಿದ.